ಈರುಳ್ಳಿ ಕಂದು ಬಣ್ಣಕ್ಕೆ ಬರುವವರೆಗೆ

ಮಾರ್ಚ್ 4, ಸೋಮವಾರ

ಇಂದು ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ, ಹತ್ತೊಂಬತ್ತು ಜನ ಸಹಪಾಠಿಗಳ ಕಣ್ಣೆದುರಿಗೆ, ನಾನು ಬರೆದ ನಾನೂರ ಹನ್ನೆರಡು ಪದಗಳ ಮೇಲೆ ಒಂದೇ ಒಂದು ಕೆಂಪು ಗೆರೆ ಎಳೆಯಲಾಯಿತು. ಎಳೆದವನು ಕಲಾಶಾಲೆಯ ಸಂಜೆ ತರಗತಿಯ ಮೇಷ್ಟ್ರು. ವಯಸ್ಸು ಮೂವತ್ತು ಇದ್ದೀತು. ಸದಾ ಕಿವಿಯ ಮೇಲೊಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಾನೆ, ಬರೆಯುವುದು ಮಾತ್ರ ಬೇರೆ ಪೆನ್ಸಿಲಿನಲ್ಲಿ. ಈ ಪುಸ್ತಕದಲ್ಲಿ ಇನ್ನು ಮುಂದೆ ಅವನ ಹೆಸರು ಕಿವಿಪೆನ್ಸಿಲ್.

ಅವನು ಕೊಟ್ಟಿದ್ದ ಕೆಲಸ ಇಷ್ಟು: ಯಾವುದಾದರೂ ಒಂದು ಅಡಿಗೆ ಮಾಡುವ ವಿಧಾನವನ್ನು ಚಿತ್ರಗಳಲ್ಲಿ ಹೇಳುವ ಪೋಸ್ಟರ್. ನಾನು ನಮ್ಮ ಮನೆಯ ಈರುಳ್ಳಿ ಸೂಪನ್ನು ಆರಿಸಿಕೊಂಡೆ. ನಡುವೆ ಒಂದು ಪಾತ್ರೆ ಬಿಡಿಸಿ, ಅದರ ಸುತ್ತ ಈರುಳ್ಳಿಯ ಇತಿಹಾಸ, ಬೆಣ್ಣೆಯ ಗುಣಾವಗುಣ, ಒಳ್ಳೆಯ ಚಾಕುವಿನ ಲಕ್ಷಣ, ಕಾಳುಮೆಣಸಿನ ಪುಡಿಯ ಕಲಬೆರಕೆಯ ವಿಷಯದಲ್ಲಿ ನಾಗರಿಕರ ಕರ್ತವ್ಯ, ಇಷ್ಟನ್ನು ಸಂಕ್ಷಿಪ್ತವಾಗಿ ಬರೆದಿದ್ದೆ.

"ಅಮ್ಮಾ, ಇದು ಪೋಸ್ಟರ್ ಅಲ್ಲ. ಸಂಪಾದಕರಿಗೆ ಪತ್ರ," ಅಂದ. ಹಿಂದಿನ ಸಾಲು ನಕ್ಕಿತು.

"ಹಾಗಿದ್ರೆ ಪ್ರಕಟಿಸಿ ಸಾರ್," ಅಂದೆ. ಮುಂದಿನ ಸಾಲೂ ನಕ್ಕಿತು.

"ಓದು ಬಾರದವರು ನೋಡಿದ್ರೂ ಅಡಿಗೆ ಮಾಡೋ ಹಾಗಿರಬೇಕು. ಮುಂದಿನ ಸಲ ಒಂದು ಅಕ್ಷರವೂ ಬೇಡ."

ಒಂದು ಅಕ್ಷರವೂ! ಮೂವತ್ತೊಂದು ವರ್ಷ ಗ್ರಂಥಾಲಯದಲ್ಲಿ ಕೆಲಸ ಮಾಡಿ, ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಬಾರದು ಅಂತ ಇಲ್ಲಿ ಸೇರಿದವಳಿಗೆ ಈ ಮಾತು.

ಮಾರ್ಚ್ 5, ಮಂಗಳವಾರ

ಪ್ರಾಂಶುಪಾಲರಿಗೆ ದೂರು ಬರೆದೆ. ಮೂರು ಹಾಳೆ, ಒಂದೇ ಬದಿ. ನಾಳೆ ಅಂಚೆಗೆ.

ಆದರೆ ಒಂದು ಇಕ್ಕಟ್ಟು ಇದೆ, ಬರೆದಿಡುತ್ತೇನೆ. ಮೊದಲ ಎರಡು ಕೆಲಸಗಳನ್ನು ನಾನು ಮಾಡಿ ಒಪ್ಪಿಸಿಲ್ಲ, ಅವುಗಳ ಬದಲು ಲಿಖಿತ ಆಕ್ಷೇಪಣೆ ಒಪ್ಪಿಸಿದ್ದೇನೆ. ಮೂರನೆಯದೂ ಪಾಸಾಗದಿದ್ದರೆ ಹಾಜರಿ ಪುಸ್ತಕದಿಂದ ಹೆಸರು ಹೊಡೆಯುತ್ತಾರಂತೆ. ಹೊಡೆಯಲಿ. ನನಗೇನೂ ಅಷ್ಟು ಆಸೆಯಿಲ್ಲ. ಆದರೂ ಬಣ್ಣದ ಹೊಸ ಡಬ್ಬಿ ತಂದಾಗಿದೆ, ಅರ್ಧವೂ ಖರ್ಚಾಗಿಲ್ಲ. ಕಿಟಕಿಯ ಪಕ್ಕದ ಜಾಗವನ್ನು ಬೇರೆ ಯಾರಾದರೂ ಹಿಡಿಯುತ್ತಾರೆ ಅನ್ನುವುದು ಇನ್ನೊಂದು ವಿಷಯ.

ಇವತ್ತಿನ ಸೂಪ್ ಹಸಿ ಹಸಿ. ನಮ್ಮ ಮನೆಯಲ್ಲಿ ಅಡಿಗೆ ಇವರದು. ಮದುವೆಯಾದ ಹೊಸದರಲ್ಲಿ ಒಂದು ಸಲ ನಾನು ಮಾಡಿದೆ. ಇವರು ಎರಡು ತುತ್ತು ತಿಂದು, "ನೀನು ಪೇಪರ್ ಓದು ಕಣೇ, ಅಡಿಗೆ ನಾನು ನೋಡ್ಕೋತೀನಿ," ಅಂದರು. ಅಂದಿನಿಂದ ಮೂವತ್ತನಾಲ್ಕು ವರ್ಷ ಇವರು ಒಲೆಯ ಮುಂದೆ, ನಾನು ಅಡಿಗೆಮನೆ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಪತ್ರಿಕೆಯನ್ನೂ ಸಂಪಾದಕರಿಗೆ ನಾನು ಬರೆದ ಪತ್ರಗಳನ್ನೂ ಗಟ್ಟಿಯಾಗಿ ಓದುತ್ತಾ. ಜನವರಿಯಲ್ಲಿ ತರಗತಿ ಸೇರಿದ ಮೇಲೆ ಓದುವುದಕ್ಕೆ ಪುರುಸೊತ್ತಿಲ್ಲ. ಪತ್ರಿಕೆಗಳು ಮೂಲೆಯಲ್ಲಿ ನನ್ನ ಸೊಂಟದವರೆಗೆ ಬೆಳೆದಿವೆ. ಸೂಪೂ ಜನವರಿಯಿಂದಲೇ ಕೆಟ್ಟಿದೆ. ಒಂದು ದಿನ ಹಸಿ, ಒಂದು ದಿನ ಸೀದದ್ದು.

"ಒಲೆಗೆ ವಯಸ್ಸಾಯ್ತು," ಅನ್ನುತ್ತಾರೆ ಇವರು.

ಮಾರ್ಚ್ 8, ಶುಕ್ರವಾರ

ಅವಮಾನ ಸಂಖ್ಯೆ ಎರಡು, ಸ್ಥಳ ಕಲಾಶಾಲೆಯ ಕ್ಯಾಂಟೀನು.

ಕಿವಿಪೆನ್ಸಿಲಿನ ಪರೀಕ್ಷೆಯ ವಿಧಾನ ಇದು. ಪೋಸ್ಟರನ್ನು ಕ್ಯಾಂಟೀನಿನ ಒಲೆಯ ಮುಂದೆ ಅಂಟಿಸುತ್ತಾನೆ. ಅಡಿಗೆಯಮ್ಮ ಅದನ್ನು ನೋಡಿ, ಅದರಲ್ಲಿರುವಷ್ಟನ್ನು ಮಾತ್ರ ಮಾಡಬೇಕು. ಸ್ವಂತ ಬುದ್ಧಿ ಉಪಯೋಗಿಸುವ ಹಾಗಿಲ್ಲ. ನಾವು ಬಾಯಿ ಬಿಡುವ ಹಾಗಿಲ್ಲ. ಆಮೇಲೆ ಅದನ್ನು ಇಡೀ ತರಗತಿ ತಿನ್ನಬೇಕು.

"ತಲೆ ಉಪಯೋಗಿಸಬೇಡಿ ಅಂದಿದಾರೆ ಮೇಷ್ಟ್ರು," ಅಂದಳು ಅಡಿಗೆಯಮ್ಮ, ಕೈ ಒರೆಸಿಕೊಳ್ಳುತ್ತಾ. "ಇಪ್ಪತ್ತು ವರ್ಷದಲ್ಲಿ ನನ್ನ ತಲೆಗೆ ಇದೇ ಮೊದಲ ರಜಾ."

ಈ ಸಲ ಅಕ್ಷರವಿರಲಿಲ್ಲ. ನಾಲ್ಕು ಈರುಳ್ಳಿ, ಹೆಚ್ಚುವ ಕೈ, ಹುರಿಯುವ ಬಾಣಲೆ, ನೀರು, ಬಟ್ಟಲು. ಬರೀ ಬೋಳಾಗಿ ಕಾಣಬಾರದು ಅಂತ ಸುತ್ತಲೂ ಹದಿನಾರು ಈರುಳ್ಳಿಯ ಚೌಕಟ್ಟು. ಅವಳು ಬೆರಳಿಟ್ಟು ಎಣಿಸಿ ಇಪ್ಪತ್ತು ಈರುಳ್ಳಿ ತೆಗೆದುಕೊಂಡಳು. ಹೆಚ್ಚುವ ಕೈಯನ್ನು ಇವರ ಕೈ ನೋಡಿ ಬಿಡಿಸಿದ್ದೆ. ಅವತ್ತು ಇವರ ಹೆಬ್ಬೆರಳಿಗೆ ಗಾಯದ ಪಟ್ಟಿ ಇತ್ತು. ಅವಳು ತನ್ನ ಹೆಬ್ಬೆರಳಿಗೂ ಬಟ್ಟೆ ಸುತ್ತಿಕೊಂಡಳು. ನಾನು ಬಾಯಿ ತೆರೆದೆ. ಕಿವಿಪೆನ್ಸಿಲ್ ತುಟಿಯ ಮೇಲೆ ಬೆರಳಿಟ್ಟ.

ಇನ್ನು ಎಷ್ಟು ಹೊತ್ತು ಹುರಿಯಬೇಕು ಅನ್ನುವುದಕ್ಕೆ ಬಾಣಲೆಯ ಪಕ್ಕ ಒಂದು ಗಡಿಯಾರ ಬಿಡಿಸಿದ್ದೆ. ಅಂಗಡಿಯ ಗಡಿಯಾರಗಳಲ್ಲಿ ಇರುವಂತೆ ಮುಳ್ಳುಗಳು ಹತ್ತು ಗಂಟೆ ಹತ್ತು ನಿಮಿಷಕ್ಕೆ ನಿಂತಿದ್ದವು, ನೋಡಲು ಚೆಂದ ಅಂತ. ಅಡಿಗೆಯಮ್ಮ ಗೋಡೆ ನೋಡಿದಳು. ಆರೂವರೆ. ಸ್ಟೂಲು ಎಳೆದುಕೊಂಡು ಕೂತಳು.

"ಹತ್ತೂ ಹತ್ತರ ತನಕ ಹುರೀಬೇಕಲ್ಲ. ನೀವೆಲ್ಲ ಮನೆಗೆ ಹೋಗಿ ಬನ್ನಿ."

ಆರೂ ಐವತ್ತಕ್ಕೆ ಹೊಗೆ ಬಂತು. ತರಗತಿ ಪೂರ್ತಿ ಕೆಮ್ಮುತ್ತಾ ನಕ್ಕಿತು. ನನ್ನ ಪಕ್ಕದಲ್ಲಿ ಕೂರುವ ಹಸಿರುಕೂದಲಿನ ಹುಡುಗಿ ಮಾತ್ರ ಬೆನ್ನು ತಟ್ಟಿದಳು. "ನನ್ನದು ಆಮ್ಲೆಟ್ ಆಂಟಿ. ಕೋಳೀನೂ ಬಿಡಿಸಿದೀನಿ. ಮುಂದಿನ ವಾರ ಏನಾಗುತ್ತೋ."

"ಸಮಯ ಬಿಡಿಸೋದು ಕಷ್ಟ," ಅಂದ ಕಿವಿಪೆನ್ಸಿಲ್. "ಪುಸ್ತಕ ನೋಡಬೇಡಿ. ಆ ಸೂಪ್ ಮಾಡೋರನ್ನ ನೋಡಿ. ಇಪ್ಪತ್ತನೇ ತಾರೀಕು ಕೊನೇ ಅವಕಾಶ."

ದೂರನ್ನು ಇನ್ನೂ ಅಂಚೆಗೆ ಹಾಕಿಲ್ಲ. ಈ ಸಂಗತಿಯನ್ನೂ ಸೇರಿಸಬೇಕು.

ಮಾರ್ಚ್ 10, ಭಾನುವಾರ

ಸ್ಕೆಚ್ ಪುಸ್ತಕ ಹಿಡಿದು ಅಡಿಗೆಮನೆಯೊಳಗೇ ಕುರ್ಚಿ ಹಾಕಿಕೊಂಡೆ.

"ಎಷ್ಟು ಹೊತ್ತು ಹುರೀತೀರಿ?"

"ಆಗೋವರೆಗೆ."

"ಆಯ್ತು ಅಂತ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗುತ್ತೆ."

"ರೀ, ಗೊತ್ತಾಗೋದನ್ನ ಹೇಗ್ರೀ ಬಿಡಿಸಲಿ?"

ಇವರಿಗೆ ಹೊಲಿಗೆಯಂತ್ರ ರಿಪೇರಿಯ ಅಂಗಡಿ. ಯಂತ್ರವನ್ನು ಬಿಚ್ಚುವ ಮೊದಲು ಕತ್ತು ಓರೆ ಮಾಡಿ ಅದರ ಸದ್ದು ಕೇಳುತ್ತಾರೆ, ಕೇಳಿಯೇ ರೋಗ ಹೇಳುತ್ತಾರೆ. ಇವತ್ತು ಒಲೆಯ ಮುಂದೆಯೂ ಹಾಗೇ ಕತ್ತು ಓರೆ. ಏನಕ್ಕೋ ಕಾಯುವವರ ಹಾಗೆ ಒಂದೆರಡು ಸಲ ನನ್ನ ಕಡೆ ತಿರುಗಿ ನೋಡಿದರು. ನಾನು ಉಸಿರೆತ್ತದೆ ಬಿಡಿಸುತ್ತಿದ್ದೆ.

ಈರುಳ್ಳಿ ಮೊದಲು ಬಿಳಿ. ಆಮೇಲೆ ಬೆವರುತ್ತದೆ. ಆಮೇಲೆ ಗಾಜು, ಆಚೆಗಿನ ಬಾಣಲೆ ಕಾಣುವಷ್ಟು. ಅಂಚಿನಲ್ಲಿ ಹಳದಿ ಹಿಡಿಯುತ್ತದೆ, ಹಳೆಯ ಪುಸ್ತಕದ ಹಾಳೆಗೆ ಹಿಡಿಯುವಂತೆ. ಇದನ್ನು ನಾನು ಮೂವತ್ತನಾಲ್ಕು ವರ್ಷದಲ್ಲಿ ನೋಡಿರಲಿಲ್ಲ.

ನೋಡುತ್ತಿರುವಾಗಲೇ ಸೀದುಹೋಯಿತು.

ಮಾರ್ಚ್ 12, ಮಂಗಳವಾರ

ಮತ್ತೆ ಕೂತೆ. ಮೌನವಾಗಿ. ಇವತ್ತು ಹಸಿ.

"ನೀನು ಹೀಗೆ ಸುಮ್ಮನೆ ಕೂತ್ರೆ ಆಗಲ್ಲ ಕಣೇ," ಅಂದರು. ಯಾಕೆ ಅಂದರೆ ಸೌಟು ತೊಳೆಯಲು ಹೋದರು.

ಸ್ಕೆಚ್ ಪುಸ್ತಕ ಮುಗಿದಿತ್ತು. ದೂರಿನ ಮೊದಲ ಹಾಳೆಯ ಹಿಂಬದಿಯಲ್ಲಿ ಏಳು ಈರುಳ್ಳಿ ಬಿಡಿಸಿದೆ. ಪ್ರತಿ ಮಾಡಿಕೊಳ್ಳುವಾಗ ಹೊಸ ಹಾಳೆ ತೆಗೆದುಕೊಂಡರಾಯಿತು.

ಮಾರ್ಚ್ 14, ಗುರುವಾರ

ಇದನ್ನು ವಿವರವಾಗಿ ಬರೆಯಲೇಬೇಕು.

ಸಂಜೆ ಹಸಿರುಕೂದಲು ಮನೆಗೆ ಬಂದಳು, ಕುಂಚ ವಾಪಸು ಕೊಡಲು. ಇವರು "ಊಟ ಮಾಡಿಕೊಂಡು ಹೋಗಮ್ಮ" ಅಂದು ಈರುಳ್ಳಿ ಹೆಚ್ಚಲು ನಿಂತರು. ಅವಳು ಅಡಿಗೆಮನೆಯ ಕಟ್ಟೆಯ ಮೇಲೆ ಕೂತಳು. ನನಗೆ ಮಾಡಲು ಕೆಲಸವಿಲ್ಲದೆ ಎಷ್ಟೋ ವಾರದ ನಂತರ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಇವತ್ತಿನ ಪತ್ರಿಕೆ ತೆರೆದು ಗಟ್ಟಿಯಾಗಿ ಓದತೊಡಗಿದೆ. ಮೊದಲ ಪುಟ ಎಂದಿನಂತೆ ಭಾಷಣಗಳು. ಮೂರನೆಯ ಪುಟಕ್ಕೆ ಬಂದರೆ, ಗ್ರಂಥಾಲಯದ ಎದುರಿನ ಬಸ್ ನಿಲ್ದಾಣದ ಸೂರನ್ನು ನಗರಸಭೆಯವರು ಕಿತ್ತುಹಾಕಿದ್ದಾರೆ! ರಸ್ತೆ ಅಗಲವಾಗುತ್ತದಂತೆ. ಕೂರಲು ಒಂದು ಕಲ್ಲೂ ಉಳಿಸಿಲ್ಲ. ಆ ಸೂರಿಗಾಗಿ ನಾನು ಆರು ಪತ್ರ ಬರೆದಿದ್ದೆ, ನಗರಸಭೆ ಅದನ್ನು ಕೊಟ್ಟಿದ್ದು ಆರನೆಯ ಪತ್ರದ ಎರಡು ವರ್ಷದ ನಂತರ, ಅದೂ ತಗಡು ಓರೆಯಾಗಿ. ಕಾಲು ನೋವಿನ ಮುದುಕರು ಎಲ್ಲಿ ಕೂರಬೇಕು? ನಗರಸಭೆಯವರಿಗೆ ನಾಚಿಕೆಯಿಲ್ಲವೇ? ಓದಿ ಮುಗಿಸಿ ಪತ್ರಿಕೆಯನ್ನು ಮಡಚಿ ಮೇಜಿಗೆ ಬಡಿದೆ.

ಅಡಿಗೆಮನೆಯಲ್ಲಿ ಚುಂಯ್ ಅಂತ ನೀರು ಬಿತ್ತು.

ಸೂಪ್ ಅಮೃತ. ಜನವರಿಯಿಂದ ಇಂಥದ್ದು ಇಲ್ಲ. ನಾನು ಅದನ್ನೇ ಹೇಳುತ್ತಿದ್ದೆ, ಹಸಿರುಕೂದಲು ಚಮಚ ಕೆಳಗಿಟ್ಟು ಇವರನ್ನು ನೋಡಿ ಕಿಸಕ್ಕನೆ ನಕ್ಕಳು.

"ಅಂಕಲ್, ಹೇಳಿಬಿಡ್ಲಾ?"

"ಬೇಡಮ್ಮ," ಅಂದರು ಇವರು.

"ಆಂಟಿ, ನೀವು ಪುಟ ತಿರುಗಿಸೋವಾಗ ಅಂಕಲ್ ಸೌಟು ನಿಲ್ಲಿಸಿದ್ರು. ನಿಮ್ಮ ದನಿ ಏರಿದ ಹಾಗೆ ಉರಿ ಇಳಿಸಿದ್ರು. ನೀವು ಪೇಪರ್ ಬಡಿದ್ರಿ, ಇವರು ನೀರು ಸುರಿದ್ರು. ಬಾಣಲೆ ಕಡೆ ನೋಡಲೂ ಇಲ್ಲ!"

ಹತ್ತು ನಿಮಿಷದ ಪಾಟೀಸವಾಲಿನ ನಂತರ ಆರೋಪಿ ಒಪ್ಪಿಕೊಂಡರು.

"ಮೊದಲನೇ ಪುಟ ಅಂದ್ರೆ ಈರುಳ್ಳಿ ಇನ್ನೂ ಹಸಿ. ಊರಿನ ಸುದ್ದಿಗೆ ಬಂದೆ ಅಂದ್ರೆ ಮೆತ್ತಗಾಗಿದೆ. 'ನಾಚಿಕೆ ಇಲ್ವಾ' ಅಂದ್ರೆ ಹೊಂಬಣ್ಣ. ಪೇಪರ್ ಬಡಿದೆ ಅಂದ್ರೆ ಕಂದು, ನೀರು ಹಾಕಬಹುದು. ಒಂದು ದಿನವೂ ತಪ್ಪಿಲ್ಲ ಕಣೇ, ಅಷ್ಟು ಕರಾರುವಾಕ್ಕು."

"ಮೂವತ್ತನಾಲ್ಕು ವರ್ಷ?"

"ಸುದ್ದಿ ಚೆನ್ನಾಗಿದ್ದ ದಿನ ಸ್ವಲ್ಪ ತೊಂದರೆ ಆಗ್ತಿತ್ತು. ಅಂಥ ದಿನ ಕಡಿಮೆ."

"ನಾನು ಓದಿದ್ದರಲ್ಲಿ ಒಂದು ವಿಷಯವಾದ್ರೂ ತಲೆಗೆ ಹೋಗಿದೆಯೇನ್ರೀ?"

ಬಟ್ಟಲು ಎತ್ತಿಕೊಂಡು ಎದ್ದರು. "ಮೆಷಿನ್ ಸದ್ದು ಕೇಳೋಕೆ ಅದರಲ್ಲಿ ಯಾರ ಬಟ್ಟೆ ಹೊಲೀತಿದಾರೆ ಅಂತ ಗೊತ್ತಿರಬೇಕಾ?"

ಹಸಿರುಕೂದಲು ಸೂಪ್ ಮೂಗಿಗೆ ಹತ್ತಿಸಿಕೊಂಡಳು.

ನಾನು ಬರೆದ ಇನ್ನೂರಕ್ಕೂ ಹೆಚ್ಚು ಪತ್ರಗಳಲ್ಲಿ ಪತ್ರಿಕೆಗಳು ಅಚ್ಚು ಹಾಕಿದ್ದು ಒಂಬತ್ತು. ಉಳಿದದ್ದನ್ನು ಈ ಲೋಕದಲ್ಲಿ ಕೇಳಿದ ಒಂದೇ ಒಂದು ಕಿವಿ ಇವರದು ಅಂದುಕೊಂಡಿದ್ದೆ. ಅದು ಈರುಳ್ಳಿಗಾಗಿ ಇಟ್ಟ ಕಿವಿ.

ಮಾರ್ಚ್ 15, ಶುಕ್ರವಾರ

ಮಾತಿಲ್ಲ. ಪತ್ರಿಕೆಯಿಲ್ಲ. ಆದ್ದರಿಂದ ಸೂಪೂ ಇಲ್ಲ.

ಬರೀ ಬ್ರೆಡ್ಡು.

ಮಾರ್ಚ್ 17, ಭಾನುವಾರ

ಪೋಸ್ಟರ್ ಹೊಳೆಯಿತು. ಹಲ್ಲುಜ್ಜುವಾಗ, ಕನ್ನಡಿಯಲ್ಲಿ.

ಆರು ಚೌಕ. ಪ್ರತಿಯೊಂದರಲ್ಲೂ ಎಡಕ್ಕೆ ಬಾಣಲೆ, ಬಲಕ್ಕೆ ಪತ್ರಿಕೆ ಓದುವ ಹೆಂಗಸು. ಮೊದಲ ಚೌಕದ ಕೆಳಗಂಚಿನಲ್ಲಿ ನಾಲ್ಕು ಈರುಳ್ಳಿ, ಒಂದು ಚಾಕು, ಬೆಣ್ಣೆ. ಈರುಳ್ಳಿ ಬಿಳಿಯಿದ್ದಾಗ ಅವಳ ಬಾಯಿ ಮುಚ್ಚಿದೆ. ಈರುಳ್ಳಿ ಗಾಜಾದಾಗ ಹುಬ್ಬು ಏರಿದೆ. ಹಳದಿಗೆ ಬಾಯಿ ಅರ್ಧ, ಹೊಂಬಣ್ಣಕ್ಕೆ ಪೂರ್ತಿ. ಕಂದಿಗೆ ಪತ್ರಿಕೆ ಮೇಜಿಗೆ ಬಡಿಯುತ್ತದೆ, ಚೊಂಬಿನಿಂದ ನೀರು ಬೀಳುತ್ತದೆ. ಕೊನೆಯಲ್ಲಿ ಬಟ್ಟಲು. ಗಡಿಯಾರವಿಲ್ಲ, ಚೌಕಟ್ಟಿಲ್ಲ.

ಕಷ್ಟವೆಂದರೆ ನನ್ನ ಕೋಪದ ಮುಖ ನನಗೇ ಗೊತ್ತಿಲ್ಲ. ಕನ್ನಡಿಯ ಮುಂದೆ ನಿಂತು ಪ್ರಯತ್ನ ಮಾಡಿದೆ. ಇವರು ಹಿಂದೆ ಹಾದುಹೋದವರು ನಿಂತು ನೋಡಿದರು.

"ಸಾಲದು. ಇದು ಈಗಷ್ಟೇ ಮೆತ್ತಗಾಗ್ತಿರೋ ಈರುಳ್ಳಿ."

"ನಿಮ್ಮ ಹತ್ರ ನಾನು ಮಾತಾಡ್ತಿಲ್ಲ!"

"ಹಾಂ, ಹೊಂಬಣ್ಣ. ಹಾಗೇ ಇರು, ಅಲ್ಲಾಡಬೇಡ."

ಹಾಗೇ ಇದ್ದೆ. ಇವರು ಕನ್ನಡಿಯನ್ನು ಬೆಳಕಿಗೆ ತಿರುಗಿಸಿ ಹಿಡಿದುಕೊಂಡರು, ನಾನು ಬಿಡಿಸಿ ಮುಗಿಸುವವರೆಗೆ, ಕೈ ನೋಯುವವರೆಗೆ.

ದೂರಿನ ಮೂರನೆಯ ಹಾಳೆಯೂ ಮುಗಿಯಿತು. ಹಿಂಬದಿಯಲ್ಲಿ ಈಗ ಹದಿನೊಂದು ಬಾಯಿಗಳಿವೆ.

ಮಾರ್ಚ್ 20, ಬುಧವಾರ

ಅಡಿಗೆಯಮ್ಮ ಪೋಸ್ಟರನ್ನು ತುಂಬ ಹೊತ್ತು ನೋಡಿದಳು. ಈರುಳ್ಳಿ ನಾಲ್ಕೇ ತೆಗೆದುಕೊಂಡಳು. ಹೆಚ್ಚಿದಳು. ಬೆಣ್ಣೆ ಹಾಕಿದಳು. ಆಮೇಲೆ ಸೌಟು ಎತ್ತಿ ನಿಂತುಬಿಟ್ಟಳು.

"ಬೈಯೋರು ಎಲ್ಲಿ?"

ಯಾರಿಗೂ ಅರ್ಥವಾಗಲಿಲ್ಲ.

"ಚಿತ್ರದಲ್ಲಿ ಒಬ್ಬಮ್ಮ ಪೇಪರ್ ಹಿಡಿದು ಬೈತಿದಾಳೆ. ಚಿತ್ರದಲ್ಲಿ ಇರೋದೆಲ್ಲ ಮಾಡಬೇಕು ಅಂತ ನೀವೇ ಹೇಳಿದ್ದು. ನಂಗೆ ಬೈಯೋರು ಬೇಕು."

ನಾನು ಬಾಯಿ ಬಿಡುವ ಹಾಗಿಲ್ಲ. ಮೇಷ್ಟ್ರು ಮೇಜಿನ ಮೇಲಿದ್ದ ಪತ್ರಿಕೆ ತೆಗೆದು ತಾವೇ ಓದಲು ನಿಂತರು. ಹವಾಮಾನ ವರದಿಯಿಂದ ಶುರು.

"ಹೀಗೆ ಸಪ್ಪೆಯಾಗಿ ಓದಿದ್ರೆ ಈರುಳ್ಳಿ ಬಾಡೋದೂ ಇಲ್ಲ," ಅಂದಳು ಅಡಿಗೆಯಮ್ಮ.

ಹಿಂದಿನ ಸಾಲಿನವನೊಬ್ಬ ಓದಿದ. ಅವನಿಗೆ ನಗು ಬಂತು. ಹಸಿರುಕೂದಲು ಓದಿದಳು, ಅವಳ ಹುಬ್ಬು ಏರಿತು, ಎರಡನೆಯ ಚೌಕದವರೆಗೆ ಬಂತು, ಅಲ್ಲಿಗೆ ನಿಂತಿತು. ಬಾಣಲೆಯಲ್ಲಿ ಈರುಳ್ಳಿ ಗಾಜಾಗಿ ಕಾಯುತ್ತಿತ್ತು. ಮೇಷ್ಟ್ರು ಪತ್ರಿಕೆ ಕಿತ್ತುಕೊಂಡು ಪುಟ ತಿರುಗಿಸಿದರು. ಅಲ್ಲಿ ಪೀಠೋಪಕರಣದ ಅಂಗಡಿಯ ಇಡೀ ಪುಟದ ಜಾಹೀರಾತು. ಅವರು ಪುಟವನ್ನು ಕಣ್ಣಿನ ಹತ್ತಿರಕ್ಕೆ ತಂದರು.

"ಇದೇನಿದು?" ಅಂದರು ಮೆಲ್ಲಗೆ. "ಒಂದು ಪುಟದಲ್ಲಿ ಏಳು ಥರದ ಅಕ್ಷರ? ಇಲ್ಲಿ ನೋಡಿ, ಈ ಎರಡು ಅಕ್ಷರದ ನಡುವೆ ಮಂಚ ಹಾಕಬಹುದು, ಈ ಎರಡಕ್ಕೆ ಉಸಿರಾಡಕ್ಕೂ ಜಾಗ ಇಲ್ಲ! ಸೋಫಾಗೆ ನೆರಳು ಎಡಕ್ಕೆ, ಮೇಜಿಗೆ ಬಲಕ್ಕೆ! ಇವರ ಮನೇಲಿ ಎರಡೆರಡು ಸೂರ್ಯ ಇದಾನಾ? ಇದಕ್ಕೆ ಒಬ್ಬ ಮನುಷ್ಯ ಸಂಬಳ ತಗೊಂಡಿದಾನೆ! ನಾಚಿಕೆ ಆಗಲ್ವಾ?"

ಕಿವಿಯ ಪೆನ್ಸಿಲ್ ನೆಲಕ್ಕೆ ಬಿತ್ತು. ಮುಖ ಕೆಂಪಾಯಿತು. ಪತ್ರಿಕೆ ಮಡಚಿ ಮೇಜಿಗೆ ಬಡಿದರು.

ಚುಂಯ್.

ಇಪ್ಪತ್ತು ಜನ ಇಪ್ಪತ್ತು ಬಟ್ಟಲು ನೆಕ್ಕಿದರು. ತಲಾ ಎರಡೇ ಚಮಚ ಬಂತು, ನಾಲ್ಕು ಈರುಳ್ಳಿಗೆ ಇನ್ನೆಷ್ಟು. ಅಡಿಗೆಯಮ್ಮ ಬಾಣಲೆಯನ್ನು ಬ್ರೆಡ್ಡಿನಿಂದ ಒರೆಸಿಕೊಂಡಳು. "ನಾಳೆಯಿಂದ ನಂಗೆ ದಿನಾ ಒಬ್ಬರು ಬೈಯೋರು ಬೇಕು ಮೇಷ್ಟ್ರೇ."

ಮೇಷ್ಟ್ರು ಪೆನ್ಸಿಲ್ ಹುಡುಕಿಕೊಂಡು ಬಂದು ಹಾಜರಿ ಪುಸ್ತಕದಲ್ಲಿ ಗುರುತು ಹಾಕಿದರು. "ಪಾಸು. ಶನಿವಾರ ಪ್ರದರ್ಶನದಲ್ಲಿ ಇದು ಬಾಗಿಲೆದುರಿಗೆ ಇರುತ್ತೆ ಅಮ್ಮಾ. ಸೂಪ್ ಮಾಡೋರನ್ನೂ ಕರಕೊಂಡು ಬನ್ನಿ."

ಕಿಟಕಿಯ ಪಕ್ಕದ ಜಾಗ ನನ್ನದೇ.

ಮಾರ್ಚ್ 22, ಶುಕ್ರವಾರ

ಪ್ರದರ್ಶನಕ್ಕೆ ಮೊಳೆ ಹೊಡೆಯಲು ಹೋಗುವ ದಾರಿಯಲ್ಲಿ ಗ್ರಂಥಾಲಯದ ಎದುರಿನ ಬಸ್ ನಿಲ್ದಾಣಕ್ಕೆ ಹೋದೆ, ಕಿತ್ತುಹೋದ ಸೂರಿನ ಅವಸ್ಥೆಯನ್ನು ಕಣ್ಣಾರೆ ನೋಡಿ ಪತ್ರ ಬರೆಯೋಣ ಅಂತ.

ಅಲ್ಲಿ ಒಂದು ಬೆಂಚು ಇತ್ತು. ಮರದ ನೆರಳಿಗೆ, ಗೋಡೆಗೆ ಒರಗಿಸಿ. ಮೇಲೆ ಎರಡು ಹಲಗೆ, ನುಣ್ಣಗೆ ಉಜ್ಜಿದ್ದು. ಕೆಳಗೆ ಕಬ್ಬಿಣದ ಎರಡು ಸ್ಟ್ಯಾಂಡು, ಬಳ್ಳಿಯ ವಿನ್ಯಾಸದವು, ಹೊಲಿಗೆಯಂತ್ರದವು. ಒಂದರಲ್ಲಿ ಕಾಲಿನಿಂದ ತುಳಿಯುವ ಹಲಗೆ ಇನ್ನೂ ಹಾಗೇ ಇತ್ತು. ಮುದುಕರೊಬ್ಬರು ಕೂತು, ಬಸ್ ಬರುವವರೆಗೆ ಅದನ್ನು ತುಳಿಯುತ್ತಿದ್ದರು.

"ಇದನ್ನ ಯಾರು ಹಾಕಿದ್ದು?"

"ಯಾರಿಗೊತ್ತಮ್ಮ. ಸೋಮವಾರ ಬೆಳಿಗ್ಗೆ ಬಂದ್ರೆ ಇತ್ತು. ಮಂಡಿ ನೋವಿಗೆ ತುಂಬ ಒಳ್ಳೇದು, ನೀವೂ ಕೂತ್ಕೊಳ್ಳಿ."

ಕೂತೆ. ಕೂತಲ್ಲಿಯೇ ಜ್ಞಾಪಕ ಹಿಂದಕ್ಕೆ ಓಡಿತು. ಹನ್ನೊಂದು ವರ್ಷದ ಹಿಂದೆ ನಮ್ಮ ಬೀದಿಯ ಚರಂಡಿಗೆ ಮುಚ್ಚಳವಿಲ್ಲ ಅಂತ ಪತ್ರ ಬರೆದೆ. ಅಚ್ಚಾಗಲಿಲ್ಲ, ಆದರೆ ವಾರದೊಳಗೆ ಮುಚ್ಚಳ ಬಂತು. ಉದ್ಯಾನದ ನಲ್ಲಿ ಸೋರುತ್ತದೆ ಅಂತ ಬರೆದೆ. ಅಚ್ಚಾಗಲಿಲ್ಲ, ಸೋರುವುದು ನಿಂತಿತು. ಆಸ್ಪತ್ರೆಯ ಗೇಟು ರೋಗಿಗಳ ನಿದ್ದೆ ಕೆಡಿಸುವಂತೆ ಕಿರುಗುಟ್ಟುತ್ತದೆ ಅಂತ ಬರೆದೆ. ಅದಕ್ಕೆ ಯಾರೋ ಎಣ್ಣೆ ಬಿಟ್ಟರು. ಮೂರು ಸಲವೂ ನಾನು ನಗರಸಭೆಗೆ ಕೃತಜ್ಞತಾ ಪತ್ರ ಬರೆದೆ. ಆ ಮೂರನ್ನೂ ಈಗ ವಾಪಸು ಕೇಳಬೇಕಾಗಿದೆ.

ಮನೆಗೆ ಬಂದು ಕೇಳಿದೆ. "ಬಸ್ ನಿಲ್ದಾಣದ ಬೆಂಚು ನಿಮ್ಮದಾ?"

"ಯಾವ ಬೆಂಚು?"

"ಚರಂಡಿ ಮುಚ್ಚಳ?"

"ಈರುಳ್ಳಿ ಸೀದುಹೋಗುತ್ತೆ, ಪೇಪರ್ ಓದು."

"ರೀ!"

"ಹೊಂಬಣ್ಣ," ಅಂದು ಉರಿ ಸಣ್ಣ ಮಾಡಿದರು. ಬೆನ್ನು ಅಲುಗುತ್ತಿತ್ತು. ನಗುತ್ತಿದ್ದರು.

ಅಡಿಗೆಮನೆಯ ಈ ಉಡಾಫೆ ನಡೆಯುವುದಿಲ್ಲ. ಪ್ರಶ್ನೆ ದಾಖಲಾಗಲಿ. ಸಂಬಂಧಪಟ್ಟವರು ನಾಳೆ, ಶನಿವಾರ ಸಂಜೆ ಐದು ಗಂಟೆಗೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪ್ರದರ್ಶನಕ್ಕೆ ಬರತಕ್ಕದ್ದು. ನನ್ನ ಪೋಸ್ಟರಿನ ಎದುರಿಗೆ, ಮೇಷ್ಟ್ರು, ಅಡಿಗೆಯಮ್ಮ, ಹಸಿರುಕೂದಲು ಮತ್ತು ಇಡೀ ತರಗತಿ ಕೇಳುವಂತೆ ಗಟ್ಟಿಯಾಗಿ ಹೇಳತಕ್ಕದ್ದು: ನಾನು ಓದಿದ್ದನ್ನೆಲ್ಲ ಕೇಳಿಸಿಕೊಂಡು, ಏನೂ ಕೇಳಿಸದವರ ಹಾಗೆ ಸೌಟು ಆಡಿಸುತ್ತಾ, ಈ ಊರಿನಲ್ಲಿ ಇನ್ನೂ ಏನೇನನ್ನು ರಿಪೇರಿ ಮಾಡಿದ್ದೀರಿ? ಪಟ್ಟಿ ಪೂರ್ತಿ ಬೇಕು, ತಾರೀಕು ಸಮೇತ.